ಸೀಟಿ ಊದುವ ಕೆಲಸ

ಪಿಯುಸಿ ಮುಗಿದ ಮೇಲೆ ಏನು ಮಾಡ್ತೀಯ ಎಂದು ಕೇಳಿದವರಿಗೆಲ್ಲ ನಾನು ಈಗ ಒಂದೇ ಉತ್ತರ ಕೊಡುತ್ತೇನೆ. ಮೊದಲು ಬಿ.ಎ., ಆಮೇಲೆ ಬಿ.ಪಿ.ಎಡ್., ಆಮೇಲೆ ದೈಹಿಕ ಶಿಕ್ಷಕಿ. ಸಾಧ್ಯವಾದರೆ ಬಾಸ್ಕೆಟ್‌ಬಾಲ್ ಕೋಚ್. ಬಿ.ಎ. ಎನ್ನುವವರೆಗೆ ತಲೆ ಆಡಿಸುವವರು ಬಿ.ಪಿ.ಎಡ್. ಎಂದ ಕೂಡಲೇ ನನ್ನ ಮುಖ ನೋಡುತ್ತಾರೆ. ಕಳೆದ ಈದ್‌ಗೆ ಮನೆಗೆ ಬಂದ ಮಾಮು, "ಸೀಟಿ ಊದೋ ಕೆಲಸಕ್ಕೆ ಐದು ವರ್ಷ ಓದಬೇಕಾ ಬೇಟಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಬ್ಬದ ದಿನ ದೊಡ್ಡವರಿಗೆ ಎದುರು ಮಾತಾಡುವುದು ಸರಿಯಲ್ಲವಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಇದೆ. ನಮ್ಮ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ ಅದನ್ನೇ ಬರೆಯೋಣ ಎನಿಸಿತು.

ಮೊದಲು ನಮ್ಮ ಕೋರ್ಟಿನ ವಿಷಯ. ಕೋರ್ಟ್ ಎಂದರೆ ಹೊರಗಿನವರು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕಾಲೇಜಿನ ಹಿಂದೆ ಒಂದು ಕಂಬ, ಒಂದು ಹಲಗೆ, ಒಂದು ರಿಂಗು. ಎದುರು ಬದಿಯ ಕಂಬ ಇನ್ನೂ ಬಂದಿಲ್ಲ. ನೆಲ ಮಣ್ಣು. ಮಳೆಗಾಲದಲ್ಲಿ ಚೆಂಡು ಕುಟ್ಟಿದರೆ ಮೇಲೆ ಬರುವುದಿಲ್ಲ, ಅಲ್ಲೇ ಕೂರುತ್ತದೆ. ನಮ್ಮ ಕಡೆ ಆಟ ಎಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಇಲ್ಲವೇ ಕ್ರಿಕೆಟ್. ಬಾಸ್ಕೆಟ್‌ಬಾಲ್ ಏನಿದ್ದರೂ ಬೆಂಗಳೂರು, ಮೈಸೂರು, ಮಂಡ್ಯದವರದು ಎಂಬ ಮಾತು ಇದೆ.

ಆದರೂ ಮಣ್ಣಿನ ಕೋರ್ಟಿಗೆ ನಾಚಿಕೊಳ್ಳಬೇಕಿಲ್ಲ. ಬಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್ ಪದಕದ ಆಟವಾದದ್ದು 1936ರಲ್ಲಿ, ಬರ್ಲಿನ್‌ನಲ್ಲಿ. ಅಲ್ಲಿ ಪಂದ್ಯಗಳನ್ನು ಬಯಲಿನಲ್ಲಿ, ಮಣ್ಣು ಮರಳಿನ ನೆಲದ ಮೇಲೆ ಆಡಿಸಿದರು. ಫೈನಲ್ ದಿನ ಮಳೆ ಸುರಿಯಿತು. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿತು, ಸ್ಕೋರ್ 19–8. ಈಗಿನ ಪಂದ್ಯಗಳಲ್ಲಿ ಐದು ನಿಮಿಷಕ್ಕೆ ಅಷ್ಟು ಅಂಕ ಬರುತ್ತದೆ! ಆ ದಿನ ಅಲ್ಲಿ ಒಬ್ಬ ಮುದುಕರು ಇದ್ದರು. ಅವರೇ ಈ ಆಟವನ್ನು ಕಂಡುಹಿಡಿದವರು, ಜೇಮ್ಸ್ ನೈಸ್ಮಿತ್. ಆಗ ಅವರಿಗೆ 74 ವರ್ಷ.

ನೈಸ್ಮಿತ್ ಕೆನಡಾದಲ್ಲಿ ಹುಟ್ಟಿದವರು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಮೇಷ್ಟರಾಗಿದ್ದರು. ಹೊರಗೆ ಹಿಮ, ಒಳಗೆ ಡ್ರಿಲ್ ಮಾಡಿ ಮಾಡಿ ಬೇಜಾರಾಗಿ ಗಲಾಟೆ ಎಬ್ಬಿಸುತ್ತಿದ್ದ 18 ಹುಡುಗರ ಕ್ಲಾಸು. ಅವರಿಗಾಗಿ ನೈಸ್ಮಿತ್ 13 ನಿಯಮ ಬರೆದರು. ಬಾಲ್ಕನಿಗೆ ಪೀಚ್ ಹಣ್ಣಿನ ಎರಡು ಬುಟ್ಟಿ ಹೊಡೆಸಿದರು. ಬಾಲ್ಕನಿ ಹತ್ತು ಅಡಿ ಎತ್ತರದಲ್ಲಿತ್ತು, ಹಾಗಾಗಿ ಇವತ್ತಿಗೂ ರಿಂಗಿನ ಎತ್ತರ ಹತ್ತು ಅಡಿಯೇ. ನಮ್ಮ ಕಾಲೇಜಿನ ರಿಂಗು ಅದಕ್ಕಿಂತ ಸ್ವಲ್ಪ ಕೆಳಗಿದೆ ಎಂದು ನನಗೆ ಅನುಮಾನ. ಟೇಪ್ ಹಿಡಿದು ನೋಡಿದವರು ಯಾರೂ ಇಲ್ಲ.

ನೈಸ್ಮಿತ್ 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಬಾಸ್ಕೆಟ್‌ಬಾಲ್ ಶುರು ಮಾಡಿದರು. ಕೋಚ್ ಆಗಿ ಅವರು 55 ಪಂದ್ಯ ಗೆದ್ದು 60 ಸೋತರು. ಕಾನ್ಸಾಸ್‌ನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರದೇ. ಆಟ ಕಂಡುಹಿಡಿದವರೇ ಹೀಗೆ! ಈ ಆಟಕ್ಕೆ ಕೋಚ್ ಬೇಕಿಲ್ಲ, ಆಡಿದರೆ ಸಾಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಆದರೆ ಅವರದೇ ವಿದ್ಯಾರ್ಥಿಯೊಬ್ಬರು ಈ ಮಾತನ್ನು ಸುಳ್ಳು ಮಾಡಿದರು. ನಾನು ಬರೆಯಬೇಕೆಂದಿರುವುದು ಅವರ ಬಗ್ಗೆ.

ಅವರ ಹೆಸರು ಜಾನ್ ಮೆಕ್‌ಲೆಂಡನ್. ಹುಟ್ಟಿದ್ದು 1915ರಲ್ಲಿ, ಕಾನ್ಸಾಸ್ ರಾಜ್ಯದಲ್ಲಿ. ಕಪ್ಪು ಜನಾಂಗದವರು. 1933ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಹೋಗಿ ನೈಸ್ಮಿತ್ ಅವರನ್ನು ಹುಡುಕು, ಅವರೇ ನಿನ್ನ ಮಾರ್ಗದರ್ಶಕರು ಎಂದು ಅಪ್ಪ ಹೇಳಿ ಕಳಿಸಿದ್ದರು. ಹುಡುಗ ನೇರವಾಗಿ ಹೋಗಿ, ನೀವೇ ನನ್ನ ಮಾರ್ಗದರ್ಶಕರು ಎಂದು ಹೇಳಿದ. ಯಾರು ಹೇಳಿದ್ದು ಎಂದು ನೈಸ್ಮಿತ್ ಕೇಳಿದರು. ನಮ್ಮ ಅಪ್ಪ ಎಂದ. ಅಪ್ಪಂದಿರ ಮಾತು ತಪ್ಪಾಗುವುದಿಲ್ಲ ಎಂಬರ್ಥದಲ್ಲಿ ಏನೋ ಹೇಳಿ ನೈಸ್ಮಿತ್ ಅವನನ್ನು ಒಳಗೆ ಕರೆದರಂತೆ. ಇದನ್ನು ನಮ್ಮ ಅಬ್ಬಾಗೆ ಓದಿ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಆ ಅಪ್ಪ ಮಗನನ್ನು ಕಳಿಸಿದ್ದು ದೈಹಿಕ ಶಿಕ್ಷಣ ಕಲಿಯಲಿಕ್ಕೆ ಎಂದು ನಾನು ನೆನಪಿಸಿದೆ. ಅದಕ್ಕೆ ಅಬ್ಬಾ ಏನೂ ಹೇಳಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಮೆಕ್‌ಲೆಂಡನ್‌ಗೆ ಪಾಠ ಸಿಕ್ಕಿತು, ಆಟ ಸಿಗಲಿಲ್ಲ. ಕಾನ್ಸಾಸ್ ತಂಡದಲ್ಲಿ ಆಗ ಬಿಳಿಯರಿಗೆ ಮಾತ್ರ ಜಾಗ. ಆಟವನ್ನು ಸೃಷ್ಟಿಸಿದವರ ಹತ್ತಿರವೇ ಕಲಿಯುತ್ತಿದ್ದವರಿಗೆ ಆ ಆಟದ ಕಾಲೇಜು ತಂಡದ ಜರ್ಸಿ ಹಾಕಲು ಅವಕಾಶವಿರಲಿಲ್ಲ. ಈಜುಕೊಳದ ಕಥೆ ಇನ್ನೂ ಕಷ್ಟದ್ದು. ಅವರು ಕೊಳಕ್ಕೆ ಇಳಿದು ಈಜಿದ ಮೇಲೆ ಅದರ ನೀರನ್ನೇ ಖಾಲಿ ಮಾಡಿಸಿದರು. ಅವರು ಹಟ ಬಿಡಲಿಲ್ಲ. ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು. ಬೋಧನಾ ಅಭ್ಯಾಸಕ್ಕೆ ಶಾಲೆ ಸಿಗುವುದು ಕಷ್ಟವಾದಾಗ ನೈಸ್ಮಿತ್ ಮುಂದೆ ನಿಂತು ಕೊಡಿಸಿದರು. 1936ರಲ್ಲಿ, ಅಂದರೆ ಬರ್ಲಿನ್‌ನಲ್ಲಿ ಆ ಕೆಸರಿನ ಫೈನಲ್ ನಡೆದ ವರ್ಷವೇ, ಮೆಕ್‌ಲೆಂಡನ್ ಪದವಿ ಪಡೆದರು. ಆ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ.

ಅಲ್ಲಿಂದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್ ಎಂಬ ಊರಿಗೆ ಹೋದರು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದ ಕಾಲೇಜಿನಲ್ಲಿ 1940ರಲ್ಲಿ ಮುಖ್ಯ ಕೋಚ್ ಆದರು. ಆಗ ಅವರಿಗೆ 25 ವರ್ಷ.

ಅವರು ಏನು ಕಲಿಸಿದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸೀಟಿ ಎಲ್ಲಿಗೆ ಮುಗಿಯುತ್ತದೆ, ಕೋಚಿಂಗ್ ಎಲ್ಲಿ ಶುರುವಾಗುತ್ತದೆ ಎಂಬುದು ಇಲ್ಲಿದೆ. ಆ ಕಾಲದಲ್ಲಿ ಬಾಸ್ಕೆಟ್‌ಬಾಲ್ ನಿಧಾನದ ಆಟ. ಚೆಂಡು ಸಿಕ್ಕಿದರೆ ನಡೆದುಕೊಂಡು ಬಂದಂತೆ ಮುಂದೆ ಬರುವುದು, ನಿಂತು ಪಾಸ್ ಮಾಡುವುದು, ಎರಡೂ ಕಾಲೂರಿ ಬುಟ್ಟಿಗೆ ಎಸೆಯುವುದು. ಮೆಕ್‌ಲೆಂಡನ್ ಓಡಿಸಿದರು. ಎದುರಾಳಿಯ ಎಸೆತ ತಪ್ಪಿ ಚೆಂಡು ರಿಂಗಿನಿಂದ ಹಿಂದಕ್ಕೆ ಬರುತ್ತದಲ್ಲ, ಅದನ್ನು ಹಿಡಿದವನು ಕೆಳಗೆ ಇಳಿಯುವ ಮೊದಲೇ ಯಾರಿಗೆ ಕೊಡಬೇಕೆಂದು ನೋಡಿರಬೇಕು. ಬದಿಯಲ್ಲಿ ಒಬ್ಬ ಕಾಯುತ್ತಿರುತ್ತಾನೆ, ಚೆಂಡು ಅವನಿಗೆ. ಅಷ್ಟರಲ್ಲಿ ಇನ್ನಿಬ್ಬರು ಅಂಗಳದ ಎರಡು ಅಂಚಿನಲ್ಲಿ ಓಡಲು ಶುರು ಮಾಡಿರುತ್ತಾರೆ. ಚೆಂಡು ನಡುವೆ, ಓಟ ಮೂರು ದಾರಿಯಲ್ಲಿ. ಎದುರಾಳಿಗಳು ತಿರುಗಿ ನೋಡುವಷ್ಟರಲ್ಲಿ ಮೂವರ ಎದುರು ಇಬ್ಬರೇ ಉಳಿದಿರುತ್ತಾರೆ, ಕೆಲವು ಸಲ ಒಬ್ಬನೇ. ಇದಕ್ಕೆ ಫಾಸ್ಟ್ ಬ್ರೇಕ್ ಎನ್ನುತ್ತಾರೆ. ಹೇಳಲು ಸುಲಭ. ಪಂದ್ಯದ ಕೊನೆಯ ಐದು ನಿಮಿಷದಲ್ಲೂ ಹೀಗೆ ಓಡಬೇಕಾದರೆ ಉಸಿರು ಇರಬೇಕು. ಅದಕ್ಕೆ ಅವರು ಹುಡುಗರನ್ನು ಸೀಸನ್ ಶುರುವಾಗುವ ಮೊದಲೇ ಮೈಲಿಗಟ್ಟಲೆ ಓಡಿಸುತ್ತಿದ್ದರು. ಚೆಂಡು ಎದುರಾಳಿಯ ಕೈಯಲ್ಲಿದ್ದಾಗಲೂ ಇಡೀ ಅಂಗಳದಲ್ಲಿ ಬೆನ್ನು ಹತ್ತುವುದನ್ನು ಕಲಿಸಿದರು. ಇವತ್ತು ಟಿ.ವಿ.ಯಲ್ಲಿ ನಾವು ನೋಡುವ ಬಾಸ್ಕೆಟ್‌ಬಾಲ್‌ನ ವೇಗದಲ್ಲಿ ಅವರ ಪಾಲು ದೊಡ್ಡದು. ಈ ವಿಧಾನದ ಬಗ್ಗೆ 1965ರಲ್ಲಿ ಅವರು ಪುಸ್ತಕವನ್ನೂ ಬರೆದರು.

ಈಗ ಅವರ ಬದುಕಿನ ಆ ಭಾನುವಾರಕ್ಕೆ ಬರುತ್ತೇನೆ. 1944ರ ಮಾರ್ಚ್ 12. ಡರ್ಹಮ್‌ನಲ್ಲೇ ಡ್ಯೂಕ್ ವಿಶ್ವವಿದ್ಯಾಲಯವಿದೆ. ಅದು ಬಿಳಿಯರದು. ಅಲ್ಲಿನ ವೈದ್ಯಕೀಯ ಕಾಲೇಜಿನ ತಂಡದಲ್ಲಿ ಬೇರೆ ಬೇರೆ ಕಡೆ ಆಡಿ ಹೆಸರು ಮಾಡಿದ್ದ ಆಟಗಾರರಿದ್ದರು, ಅದು ಬಲಿಷ್ಠ ತಂಡ. ಮೆಕ್‌ಲೆಂಡನ್ ತಂಡವೂ ಗೆಲ್ಲುತ್ತಿತ್ತು, ಆದರೆ ಕಪ್ಪು ಕಾಲೇಜುಗಳ ನಡುವೆ ಮಾತ್ರ. ಎರಡು ತಂಡಗಳು ಒಂದೇ ಊರಿನಲ್ಲಿದ್ದರೂ ಒಟ್ಟಿಗೆ ಆಡುವಂತಿಲ್ಲ. ಆಡಿದರೆ ಜೈಲು ಅಥವಾ ಅದಕ್ಕಿಂತ ಕೆಟ್ಟದ್ದು. ಇದು ಸುಮ್ಮನೆ ಹೇಳುವ ಮಾತಲ್ಲ. ಅದೇ ವರ್ಷ ಜುಲೈಯಲ್ಲಿ, ಅದೇ ಊರಿನಲ್ಲಿ, ಬುಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕರನ್ನು ಬಸ್ಸಿನ ಸೀಟಿನ ತಕರಾರಿನಲ್ಲಿ ಬಸ್ಸಿನ ಚಾಲಕನೇ ಗುಂಡಿಟ್ಟು ಕೊಂದ. ಕೋರ್ಟಿನಲ್ಲಿ ಅವನು ಬಿಡುಗಡೆಯಾದ.

ಎರಡೂ ಕಡೆಯ ಕೆಲವು ವಿದ್ಯಾರ್ಥಿಗಳು ಗುಟ್ಟಾಗಿ ಪ್ರಾರ್ಥನಾ ಕೂಟಗಳಲ್ಲಿ ಸೇರುತ್ತಿದ್ದರು. ಪಂದ್ಯದ ಮಾತು ಹುಟ್ಟಿದ್ದು ಅಲ್ಲಿ. ಭಾನುವಾರ ಬೆಳಿಗ್ಗೆ ಊರಿನ ಬಹುಪಾಲು ಜನ, ಪೊಲೀಸರೂ ಸೇರಿ, ಚರ್ಚಿನಲ್ಲಿರುತ್ತಾರೆ. ಆ ಹೊತ್ತನ್ನೇ ಆರಿಸಿಕೊಂಡರು. ಡ್ಯೂಕ್ ಹುಡುಗರು ಎರವಲು ತಂದ ಕಾರುಗಳಲ್ಲಿ ಸುತ್ತು ಬಳಸಿನ ದಾರಿಯಲ್ಲಿ ಬಂದು, ಮುಖ ಕಾಣದಂತೆ ಕೋಟು ಮೇಲೆಳೆದುಕೊಂಡು ಜಿಮ್‌ನೊಳಗೆ ಹೋದರು. ಮೆಕ್‌ಲೆಂಡನ್ ಬಾಗಿಲಿಗೆ ಬೀಗ ಹಾಕಿಸಿದರು. ಪ್ರೇಕ್ಷಕರಿಲ್ಲ. ಕೆಲವು ವಿದ್ಯಾರ್ಥಿಗಳು ಮಾತ್ರ ಕಿಟಕಿಗೆ ಹತ್ತಿ ಇಣುಕಿದರಂತೆ. ಅಂಥವರು ಎಲ್ಲ ಕಾಲೇಜಿನಲ್ಲೂ ಇರುತ್ತಾರೆ. ಆದರೆ ರೆಫರಿ ಇದ್ದರು, ಗಡಿಯಾರ ಇತ್ತು, ಪಂದ್ಯ ನಿಯಮದ ಪ್ರಕಾರವೇ ನಡೆಯಿತು.

ಮೊದಲ ಕೆಲವು ನಿಮಿಷ ಎರಡೂ ಕಡೆಯವರ ಕೈ ನಡುಗುತ್ತಿತ್ತು. ಸುಲಭದ ಎಸೆತಗಳೂ ತಪ್ಪಿದವು. ಆಮೇಲೆ ಮೆಕ್‌ಲೆಂಡನ್ ಹುಡುಗರು ಓಡಲು ಶುರು ಮಾಡಿದರು. ಡ್ಯೂಕ್ ತಂಡ ಅಂಥ ಆಟವನ್ನು ನೋಡಿರಲಿಲ್ಲ. ಮುಗಿದಾಗ ಸ್ಕೋರ್ 88–44, ಸರಿಯಾಗಿ ಎರಡರಷ್ಟು. ನನಗೆ ಇದಕ್ಕಿಂತ ಇಷ್ಟವಾದದ್ದು ನಂತರ ನಡೆದದ್ದು. ಸ್ವಲ್ಪ ವಿಶ್ರಾಂತಿ ಪಡೆದು ಅವರು ಇನ್ನೊಂದು ಆಟ ಆಡಿದರು, ಈ ಸಲ ಎರಡೂ ತಂಡಗಳ ಆಟಗಾರರನ್ನು ಬೆರೆಸಿಕೊಂಡು. ಅದಾದ ಮೇಲೆ ಹಾಸ್ಟೆಲಿನಲ್ಲಿ ಕೂತು ಹರಟೆ ಹೊಡೆದರು. ನಂತರ ಡ್ಯೂಕ್ ಹುಡುಗರು ಬಂದ ಹಾಗೆಯೇ ಹೋದರು.

ಯಾರೂ ಬಾಯಿ ಬಿಡಲಿಲ್ಲ. ಪಂದ್ಯದ ಬಗ್ಗೆ ಗೊತ್ತಿದ್ದ ಪತ್ರಕರ್ತರೊಬ್ಬರೂ ಬರೆಯಲಿಲ್ಲ. 1996ರಲ್ಲಿ ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಬರೆದಾಗಲೇ ಹೊರ ಜಗತ್ತಿಗೆ ತಿಳಿದದ್ದು. ಅಂದರೆ 52 ವರ್ಷ! ನಮ್ಮ ಕ್ಲಾಸಿನಲ್ಲಿ ಯೂನಿಟ್ ಟೆಸ್ಟಿನ ಮಾರ್ಕು ಐವತ್ತೆರಡು ನಿಮಿಷ ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬ ಕೋಚ್ ತನ್ನ ಜೀವನದ ಅತಿ ದೊಡ್ಡ ಗೆಲುವನ್ನು ಯಾವ ದಾಖಲೆಯಲ್ಲೂ ಬರೆಸದೆ, ಪೇಪರಿನಲ್ಲಿ ಹಾಕಿಸದೆ ಅಷ್ಟು ವರ್ಷ ಇಟ್ಟುಕೊಂಡದ್ದನ್ನು ಯೋಚಿಸಿ. ಬಾಯಿ ಬಿಟ್ಟಿದ್ದರೆ ಹುಡುಗರಿಗೆ ಅಪಾಯ. ಅವರಿಗೆ ಕಪ್‌ಗಿಂತ ಹುಡುಗರು ಮುಖ್ಯ.

ಇಲ್ಲಿ ನಮ್ಮೂರಿನ ಮಾತು ಬರುತ್ತದೆ. ಹೊರಗಿನವರಿಗೆ ತಾಳಗುಂದ ಗೊತ್ತಿರುವುದು ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದಿಂದ. ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮನ ಕಥೆ ಹತ್ತಿರಹತ್ತಿರ ಎಲ್ಲರೂ ಬಲ್ಲರು. ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನವಾಯಿತು, ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಮೆಕ್‌ಲೆಂಡನ್ ಬಗ್ಗೆ ಓದುವಾಗ ನನಗೆ ಪದೇ ಪದೇ ಈ ಕಂಬ ನೆನಪಾಯಿತು. ಇಬ್ಬರೂ ಹಿರಿಯರ ಮಾತಿನಂತೆ ದೊಡ್ಡ ವಿದ್ಯಾಸಂಸ್ಥೆಗೆ ಹೋದವರು. ಇಬ್ಬರಿಗೂ ಅಲ್ಲಿ ಅವಮಾನವಾಯಿತು. ಒಬ್ಬ ಓದು ಬಿಟ್ಟ, ಇನ್ನೊಬ್ಬರು ಬಿಡಲಿಲ್ಲ. ಯಾರು ಸರಿ ಎಂದು ಕೇಳಿದರೆ ನಮ್ಮ ಇತಿಹಾಸದ ಸರ್ ಮಯೂರನ ಕಡೆ ಎಂದು ನನಗೆ ಗೊತ್ತು. ಆದರೆ ಕತ್ತಿ ಹಿಡಿದು ರಾಜ್ಯ ಕಟ್ಟುವ ಅವಕಾಶ ಈ ಕಾಲದಲ್ಲಿ ನಮ್ಮಂಥವರಿಗೆ ಇಲ್ಲ, ಓದು ಮುಗಿಸುವ ಅವಕಾಶ ಇದೆ. ಇನ್ನೊಂದು ವಿಷಯ. ಆ ಕಂಬದಲ್ಲಿ ಗುರುವಿನ ಹೆಸರು ಬರುವುದು ಶಿಷ್ಯನ ಕಥೆ ಹೇಳುವ ಸಂದರ್ಭದಲ್ಲಿ ಮಾತ್ರ. ಕೋಚ್‌ಗಳ ಪಾಡೂ ಅಷ್ಟೇ. ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಹತ್ತು ಎನ್.ಬಿ.ಎ. ಚಾಂಪಿಯನ್‌ಶಿಪ್ ಗೆದ್ದ ಸ್ಯಾಮ್ ಜೋನ್ಸ್ ಕಾಲೇಜಿನಲ್ಲಿ ಮೊದಲು ಆಡಿದ್ದು ಮೆಕ್‌ಲೆಂಡನ್ ಕೈಕೆಳಗೆ. ಜೋನ್ಸ್ ಹೆಸರು ಬಲ್ಲ ಎಷ್ಟು ಜನಕ್ಕೆ ಇದು ಗೊತ್ತು?

ಮೆಕ್‌ಲೆಂಡನ್ ಅವರ ಮುಂದಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಟೆನೆಸ್ಸಿ ಎ ಅಂಡ್ ಐ ಕಾಲೇಜಿನ ತಂಡದೊಂದಿಗೆ 1957, 1958, 1959ರಲ್ಲಿ ಸತತ ಮೂರು ವರ್ಷ ಎನ್.ಎ.ಐ.ಎ. ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೊದಲ ಕೋಚ್ ಅವರು. ಆ ಊರಿನಲ್ಲಿ ಟೂರ್ನಮೆಂಟ್ ಆಡಲು ಕರೆದಾಗ ಅವರು ಹಾಕಿದ ಷರತ್ತು ನೋಡಿ: ಬೇರೆ ತಂಡಗಳು ಉಳಿಯುವ ಹೋಟೆಲಿನಲ್ಲೇ ನಮ್ಮ ಹುಡುಗರೂ ಉಳಿಯಬೇಕು, ಅವರು ಊಟ ಮಾಡುವಲ್ಲೇ ಊಟ ಮಾಡಬೇಕು, ಇಲ್ಲದಿದ್ದರೆ ನಾವು ಬರುವುದಿಲ್ಲ. 1961ರಲ್ಲಿ ಕ್ಲೀವ್‌ಲ್ಯಾಂಡ್ ಪೈಪರ್ಸ್ ಎಂಬ ವೃತ್ತಿಪರ ತಂಡದ ಕೋಚ್ ಆದರು. ಮಾಲೀಕರ ಕೈ ತಂಡದೊಳಗೆ ಜಾಸ್ತಿಯಾದಾಗ ಸೀಸನ್ ನಡುವೆಯೇ ರಾಜೀನಾಮೆ ಕೊಟ್ಟು ಬಂದರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಮುಖ್ಯ ಕೋಚ್ ಮಾಡಿತು. ಬಿಳಿಯರೇ ಹೆಚ್ಚಿದ್ದ ವಿಶ್ವವಿದ್ಯಾಲಯಗಳಲ್ಲಿ ಆ ಜಾಗಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ 1979ರಲ್ಲಿ ಅವರನ್ನು ಸೇರಿಸಿದರು, ಆದರೆ ಆಟಕ್ಕೆ ಕೊಡುಗೆ ಕೊಟ್ಟವರು ಎಂಬ ಪಟ್ಟಿಯಲ್ಲಿ. ಕೋಚ್ ಎಂಬ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 17 ವರ್ಷವಾಗಿತ್ತು. ಐನೂರಕ್ಕೂ ಹೆಚ್ಚು ಪಂದ್ಯ ಗೆಲ್ಲಿಸಿದವರನ್ನು ಕೋಚ್ ಎಂದು ಒಪ್ಪಲು ಅಷ್ಟು ತಡ ಏಕಾಯಿತೋ, ಓದುವವರೇ ಊಹಿಸಿ.

ಮಾಮು ಪ್ರಶ್ನೆಗೆ ಇಷ್ಟು ಉತ್ತರ ಸಾಕು ಎಂದುಕೊಂಡಿದ್ದೇನೆ. ಅಬ್ಬಾ ಅವರ ಪ್ರಶ್ನೆ ಬೇರೆ. ಅವರು ಶಿರಾಳಕೊಪ್ಪದಲ್ಲಿ ಶುಂಠಿ, ಮೆಕ್ಕೆಜೋಳದ ವ್ಯಾಪಾರ ಮಾಡುತ್ತಾರೆ, ಎಲ್ಲವನ್ನೂ ತೂಗಿ ನೋಡುವವರು. "ಅವರು ಗಂಡಸು. ನೀನು ಹುಡುಗಿ. ಮೈದಾನದಲ್ಲಿ ನಿಂತು ಕೂಗಾಡುವ ಕೆಲಸ ನಿನಗೆ ಹೊಂದುತ್ತಾ ನೋಡು," ಎಂದರು. ಬೈಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನೋಡು ಎಂದರು. ನಾನು ನೋಡಿದೆ.

ನೋಡಿದಾಗ ಮೊದಲು ಸಿಕ್ಕವರು ಸೆಂಡಾ ಬೆರೆನ್ಸನ್. ಲಿಥುವೇನಿಯಾದಿಂದ ಅಮೆರಿಕಕ್ಕೆ ಬಂದ ಯಹೂದಿ ಕುಟುಂಬದ ಹುಡುಗಿ, ಚಿಕ್ಕಂದಿನಿಂದ ಆರೋಗ್ಯ ಸರಿಯಿಲ್ಲದವರು. ದೈಹಿಕ ಶಿಕ್ಷಣ ಕಲಿತು ಸ್ಪ್ರಿಂಗ್‌ಫೀಲ್ಡ್ ಹತ್ತಿರದ ಸ್ಮಿತ್ ಎಂಬ ಮಹಿಳಾ ಕಾಲೇಜಿನಲ್ಲಿ ಶಿಕ್ಷಕಿಯಾಗಿದ್ದರು. ನೈಸ್ಮಿತ್ ಅವರ ಹೊಸ ಆಟದ ಸುದ್ದಿ ಕೇಳಿ ಕೆಲವೇ ತಿಂಗಳಲ್ಲಿ ತಮ್ಮ ಹುಡುಗಿಯರಿಗೆ ಕಲಿಸಿದರು. 1893ರ ಮಾರ್ಚ್ 22ರಂದು ಅಲ್ಲಿ ಎರಡು ತರಗತಿಗಳ ನಡುವೆ ಪಂದ್ಯ ನಡೆಯಿತು. ಗಂಡಸರಿಗೆ ಒಳಗೆ ಪ್ರವೇಶ ಇರಲಿಲ್ಲ. ಇದನ್ನು ಓದಿ ನಾನೂ ನನ್ನ ಗೆಳತಿಯರೂ ಬಹಳ ಹೊತ್ತು ನಕ್ಕೆವು. ಹುಡುಗಿಯರು ಮರೆಯಲ್ಲಿ ಆಡಿದರೆ ಅದು ಹಿಂದುಳಿದವರ ಪದ್ಧತಿ ಎಂದು ನಮಗೆ ಹೇಳುವವರಿದ್ದಾರೆ. ಹೆಣ್ಣುಮಕ್ಕಳ ಕಾಲೇಜು ಬಾಸ್ಕೆಟ್‌ಬಾಲ್ ಶುರುವಾದದ್ದೇ ಬಾಗಿಲು ಹಾಕಿಕೊಂಡು.

ಎರಡನೆಯವರು ಬಿಲ್ಕಿಸ್ ಅಬ್ದುಲ್ ಖಾದಿರ್. ಹುಟ್ಟಿ ಬೆಳೆದದ್ದು ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಬಾಸ್ಕೆಟ್‌ಬಾಲ್ ಹುಟ್ಟಿದ ಊರಿನಲ್ಲಿ. 1990ರಲ್ಲಿ ಹುಟ್ಟಿದವರು, ಹಾಗಾಗಿ ಇದು ಹಳೆಯ ಕಾಲದ ಕಥೆಯಲ್ಲ. ಹೈಸ್ಕೂಲಿನಲ್ಲಿ ಹಿಜಾಬ್ ಧರಿಸಿಯೇ ಆಡಿ 3,070 ಅಂಕ ಗಳಿಸಿದರು. ಆ ರಾಜ್ಯದಲ್ಲಿ ಹುಡುಗರಲ್ಲೂ ಹುಡುಗಿಯರಲ್ಲೂ ಅದೇ ದಾಖಲೆ. ಮೆಂಫಿಸ್ ವಿಶ್ವವಿದ್ಯಾಲಯದ ತಂಡದಲ್ಲಿ 2010ರಿಂದ ಆಡಿದರು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಮೊದಲ ದರ್ಜೆಯಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲಿಗರು ಅವರು. ಕಾಲೇಜು ಮುಗಿಸಿ ವೃತ್ತಿಪರ ಆಟಕ್ಕೆ ಹೋಗಬೇಕು ಎಂದಾಗ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ, ಅಂದರೆ ಫಿಬಾದ, ನಿಯಮ ಅಡ್ಡ ಬಂತು. ತಲೆಯ ಮೇಲೆ ಏನೂ ಹಾಕುವಂತಿಲ್ಲ, ಆಟಗಾರರಿಗೆ ಅಪಾಯ ಎಂಬುದು ಕಾರಣ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕತಾರ್‌ನ ಹೆಣ್ಣುಮಕ್ಕಳ ತಂಡ ಇದೇ ನಿಯಮದಿಂದ ಪಂದ್ಯ ಬಿಟ್ಟು ಹೊರನಡೆಯಿತು. ಬಿಲ್ಕಿಸ್ ಮತ್ತು ಇನ್ನೂ ಹಲವರು ಬಿಡದೆ ಒತ್ತಾಯಿಸಿದರು. 2017ರ ಮೇ ತಿಂಗಳಲ್ಲಿ ಫಿಬಾ ನಿಯಮ ಬದಲಿಸಿತು, ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಆದರೆ ಅಷ್ಟರಲ್ಲಿ ಬಿಲ್ಕಿಸ್ ಅವರ ಆಡುವ ವಯಸ್ಸಿನ ಒಳ್ಳೆಯ ವರ್ಷಗಳು ಕಳೆದಿದ್ದವು. ಅವರು ವೃತ್ತಿಪರ ಆಟಗಾರ್ತಿ ಆಗಲಿಲ್ಲ. ಕೋಚ್ ಆದರು. ಮುಸ್ಲಿಂ ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸಿದರು, ಮುಂದೆ ಮಕ್ಕಳಿಗಾಗಿ ಶಿಬಿರಗಳನ್ನು ನಡೆಸಿದರು.

ಮೆಕ್‌ಲೆಂಡನ್‌ಗೆ ಜರ್ಸಿ ಕೊಡಲಿಲ್ಲ, ಬಿಲ್ಕಿಸ್‌ಗೆ ಅಂಗಳ ಕೊಡಲಿಲ್ಲ. ಇಬ್ಬರಿಗೂ ಅದು ನೋವಿನ ವಿಷಯವೇ, ಅದನ್ನು ಸಿಹಿ ಮಾತಿನಲ್ಲಿ ಮುಚ್ಚಿಹಾಕುವುದು ನನಗೆ ಇಷ್ಟವಿಲ್ಲ. ಆಡಬೇಕಾದವರು ಆಡಲಿಕ್ಕೆ ಆಗದೆ ಕೋಚ್ ಆದದ್ದು ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಅವರ ಹತ್ತಿರ ಕಲಿತವರಿಗೆ ಬಾಗಿಲು ತೆರೆದಿತ್ತು.

ಈಗ ನಮ್ಮ ವಿಷಯ. ಹೈಸ್ಕೂಲಿನ ಎಂಟು, ಒಂಬತ್ತನೆಯ ಕ್ಲಾಸಿನ ಹುಡುಗಿಯರನ್ನು ಅಭ್ಯಾಸಕ್ಕೆ ಕಳಿಸಿ ಎಂದು ನಾನು ಮೂರ್ನಾಲ್ಕು ಮನೆಗೆ ಹೋಗಿ ಕೇಳಿದ್ದೇನೆ. ಎಲ್ಲ ಕಡೆ ಅಮ್ಮಂದಿರು ಒಂದೇ ಪ್ರಶ್ನೆ ಕೇಳಿದರು: "ಮೇಡಂ ಇರ್ತಾರಾ?" ಶೂ ಇದೆಯಾ, ಗೆದ್ದರೆ ಏನು ಸಿಗುತ್ತದೆ, ಓದು ಹಾಳಾಗುತ್ತಾ ಎಂಬುದೆಲ್ಲ ಆಮೇಲೆ. ನಮ್ಮ ಪಿ.ಟಿ. ಸರ್ ಒಳ್ಳೆಯವರು, ಅವರಿಂದಲೇ ನಾನು ಈ ಆಟ ಕಲಿತದ್ದು, ಈ ಕಥೆಗಳನ್ನು ಓದಲು ಕೊಟ್ಟವರೂ ಅವರೇ. ಆದರೆ ಮೇಡಂ ಇರ್ತಾರಾ ಎಂಬ ಪ್ರಶ್ನೆಗೆ ಹೌದು ಎನ್ನಬೇಕಾದರೆ ಒಬ್ಬ ಮೇಡಂ ಬೇಕು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಸ್ಕಾರ್ಫ್ ಹಾಕಿಕೊಂಡು ಚೆಂಡು ಹಿಡಿಯಲು ಬರುವ ಹುಡುಗಿಯರು ಎಷ್ಟು ಜನ ಇದ್ದಾರೆಂಬುದು ಒಬ್ಬ ಮೇಡಂ ಬಂದ ಮೇಲಷ್ಟೇ ಗೊತ್ತಾಗುವುದು. ಇದನ್ನು ಅಬ್ಬಾಗೆ ಹೇಳಿದೆ. ವ್ಯಾಪಾರದ ಭಾಷೆಯಲ್ಲಿ ಹೇಳಿದರೆ ಅವರಿಗೆ ಬೇಗ ಅರ್ಥವಾಗುತ್ತದೆ: ಬೇಡಿಕೆ ಇದೆ, ಮಾಲು ಇಲ್ಲ.

ದಾರಿಯೂ ಅಷ್ಟೇನು ದೂರದ್ದಲ್ಲ. ಈ ಆಟ ನಮ್ಮ ಕಡೆಗೆ ಬಂದದ್ದೂ ಶಿಕ್ಷಕರ ಮೂಲಕವೇ. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ಹಳಬರು ಡ್ರಿಲ್ ಮಾಸ್ತರ್ ಎಂದು ಕರೆಯುವ ಶಿಕ್ಷಕರನ್ನು ದಕ್ಷಿಣದ ಶಾಲೆಗಳಿಗೆ ತಯಾರು ಮಾಡಿದ ಕಾಲೇಜು ಅದು. ಕೋಚ್ ಆಗಬೇಕೆಂದವರಿಗೆ 1961ರಲ್ಲಿ ಆರಂಭವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, ಅಲ್ಲಿ ಕೋಚಿಂಗ್ ಡಿಪ್ಲೊಮಾ ಕಲಿಸುತ್ತಾರೆ. ಹತ್ತಿರದಲ್ಲಿ ಬೇಕೆಂದರೆ ಶಂಕರಘಟ್ಟದಲ್ಲಿ ನಮ್ಮದೇ ಕುವೆಂಪು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವಿದೆ. ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಗಾಯದ ಆರೈಕೆ, ಆಟದ ನಿಯಮ, ಮೈದಾನದ ಅಳತೆ, ಬೋಧನಾ ಅಭ್ಯಾಸ, ಇದೆಲ್ಲ ಅಲ್ಲಿನ ಓದು. ಸೀಟಿಗೆ ಪ್ರತ್ಯೇಕ ಪೇಪರ್ ಇಲ್ಲ.

ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ನೋಡುವವರು ಯಾರು ಎಂದು ಕೇಳುವವರಿಗೆ 2017ರ ಜುಲೈ ನೆನಪಿಸಬೇಕು. ಬೆಂಗಳೂರಿನಲ್ಲಿ ಮಹಿಳಾ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಬಡ್ತಿ ಪಡೆಯಿತು. ಎರಡೇ ಅಂಕ! ಆ ಪಂದ್ಯದ ಕೊನೆಯ ನಿಮಿಷಗಳನ್ನು ನಾನು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆಟಗಾರ್ತಿಯರಿಗಿಂತ ಹೆಚ್ಚಾಗಿ ಬೆಂಚಿನ ಕಡೆ ನೋಡುತ್ತೇನೆ. ಅದೊಂದು ಅಭ್ಯಾಸವಾಗಿಬಿಟ್ಟಿದೆ.

ಅಬ್ಬಾ ಈಗ ಬಿ.ಪಿ.ಎಡ್.ಗೆ ಫೀಸು ಎಷ್ಟು, ಲೇಡೀಸ್ ಹಾಸ್ಟೆಲ್ ಕ್ಯಾಂಪಸ್ಸಿನ ಒಳಗೇ ಇದೆಯಾ ಎಂದು ವಿಚಾರಿಸಲು ಹೇಳಿದ್ದಾರೆ. ಅಮ್ಮಿ ಮಾತ್ರ ಬಿಸಿಲಲ್ಲಿ ಕಪ್ಪಾಗ್ತೀಯ ಎನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸದ್ಯಕ್ಕೆ ಶನಿವಾರ ಕ್ಲಾಸು ಬಿಟ್ಟ ಮೇಲೆ ಆರು ಹುಡುಗಿಯರು ಬರುತ್ತಿದ್ದಾರೆ. ಪಿ.ಟಿ. ಸರ್ ಚೆಂಡು ಕೊಟ್ಟು ಆಫೀಸಿನ ಕಡೆ ಹೋಗುತ್ತಾರೆ, ಲೈಬ್ರರಿ ಮೇಡಂ ಕಟ್ಟೆಯ ಮೇಲೆ ಕೂತಿರುತ್ತಾರೆ. ಮೊದಲ ತಿಂಗಳು ಬುಟ್ಟಿಗೆ ಎಸೆಯುವುದು ಇಲ್ಲ, ಪಾಸ್ ಮತ್ತು ಓಟ ಮಾತ್ರ. ಒಂದೇ ಕಂಬ ಇರುವುದರಿಂದ ಅದೇ ಅನುಕೂಲ. ಅಸರ್ ನಮಾಜಿಗೆ ಮುಂಚೆ ಮುಗಿಸುತ್ತೇವೆ. ಪ್ರಥಮ ಪಿಯುಸಿಯವರಲ್ಲಿ ಆಸಕ್ತಿ ಇರುವವರು ಬರಬಹುದು. ಶೂ ಇಲ್ಲದಿದ್ದರೆ ಬರಿಗಾಲಿನಲ್ಲಿ ಬನ್ನಿ, ಚಪ್ಪಲಿ ಬೇಡ. ಸ್ಕಾರ್ಫ್‌ಗೆ ಪಿನ್ ಹಾಕಬೇಡಿ, ಒಳಕ್ಕೆ ಸಿಕ್ಕಿಸಿಕೊಳ್ಳಿ. ನೀರಿನ ಬಾಟಲಿ ನೀವೇ ತನ್ನಿ.